ತಾಸಿನ ಲೆಕ್ಕ, ಶೇಕಡಾ ಲೆಕ್ಕ: ಮನೆ ಕಂಪ್ಯೂಟರ್ ಆಟಗಳ ವಿಮರ್ಶೆ ನಡೆದು ಬಂದ ದಾರಿ

ಸಿಂಧನೂರಿನಲ್ಲಿ ಭತ್ತ ಕೊಳ್ಳುವವರು ಮೊದಲು ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ. 1980ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಆಟ ಕೊಳ್ಳುವವರಿಗೆ ಇಂಥ ಅನುಕೂಲ ಇರಲಿಲ್ಲ. ಆಟ ಇದ್ದದ್ದು ಆಡಿಯೊ ಕ್ಯಾಸೆಟ್ಟಿನೊಳಗೆ, ಹೊರಗೆ ಕಾಣುತ್ತಿದ್ದದ್ದು ಬಣ್ಣದ ಹೊದಿಕೆ ಮಾತ್ರ. ದುಡ್ಡು ಕೊಟ್ಟು ಮನೆಗೆ ತಂದು, ಟೇಪ್ ರೆಕಾರ್ಡರಿಗೆ ಹಾಕಿ, ನಾಲ್ಕೈದು ನಿಮಿಷ ಕೀರಲು ಸದ್ದು ಕೇಳಿಸಿಕೊಂಡ ಮೇಲಷ್ಟೇ ಅದರ ಬಂಡವಾಳ ಬಯಲಾಗುತ್ತಿತ್ತು. ಆಟದ ವಿಮರ್ಶೆ ಬೆಳೆದದ್ದು ಈ ಕುರುಡು ಖರೀದಿಯ ಭಯದಿಂದ. ಖರೀದಿಯ ರೀತಿ ಬದಲಾದಾಗಲೆಲ್ಲ ವಿಮರ್ಶೆಯ ರೀತಿಯೂ ಬದಲಾಗಿದೆ. ಖರೀದಿಯೇ ಇಲ್ಲದ ಕಡೆ ಅದು ಬಾಯಿಮಾತಿನಲ್ಲೇ ಉಳಿದಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಈ ಎರಡನೆಯ ಕಥೆಗೆ ಸೇರಿದವು.

ಪ್ರೋಗ್ರಾಂ ಪುಸ್ತಕದಿಂದ ಪತ್ರಿಕೆಗೆ

ಮೊದಮೊದಲು ಆಟವೆಂದರೆ ಕಾಗದದ ಮೇಲೆ ಅಚ್ಚಾದ ಪ್ರೋಗ್ರಾಂ. ಅಮೆರಿಕದ ಡೇವಿಡ್ ಆಲ್ 1973ರಲ್ಲಿ ಬೇಸಿಕ್ ಭಾಷೆಯ 101 ಆಟಗಳನ್ನು ಪುಸ್ತಕವಾಗಿ ತಂದರು, ಮರುವರ್ಷ ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಪತ್ರಿಕೆ ಶುರು ಮಾಡಿದರು. ಓದುಗರೇ ಸಾಲುಸಾಲಾಗಿ ಟೈಪ್ ಮಾಡಿ ಆಡಬೇಕಿತ್ತು. ಕೊಳ್ಳುವ ಪ್ರಶ್ನೆ ಇಲ್ಲದ್ದರಿಂದ ತೂಗಿ ನೋಡುವ ಬರಹಕ್ಕೂ ಅವಸರವಿರಲಿಲ್ಲ. ಆ ದಶಕದ ಕೊನೆಗೆ ಬಿಲ್ ಕುಂಕೆಲ್ ಮತ್ತು ಆರ್ನಿ ಕಾಟ್ಜ್ ‘ವಿಡಿಯೋ’ ಪತ್ರಿಕೆಯಲ್ಲಿ ಆಟಗಳ ಅಂಕಣ ಆರಂಭಿಸಿದರು. 1981ರ ಕೊನೆಯಲ್ಲಿ ಜಾಯ್ಸ್ ವರ್ಲಿ ಜೊತೆಗೂಡಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಪತ್ರಿಕೆಯನ್ನೇ ತಂದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ ಹೊರಬಂತು.

1982ರ ಏಪ್ರಿಲ್‌ನಲ್ಲಿ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರ್ ಮಾರುಕಟ್ಟೆಗೆ ಬಂದಾಗ 16ಕೆ ಮೆಮೊರಿಯ ಯಂತ್ರಕ್ಕೆ 125 ಪೌಂಡ್, 48ಕೆಗೆ 175 ಪೌಂಡ್ ಬೆಲೆ. ಪರದೆಯಾಗಿ ಮನೆಯ ಟಿವಿಯೇ ಸಾಕು. ಯಂತ್ರ ಅಗ್ಗವಾದಂತೆ ಆಟಗಳು ಪ್ರವಾಹದಂತೆ ಬಂದವು, ಜೊಳ್ಳೂ ಬಂತು. ಐದಾರು ಪೌಂಡಿನ ಕ್ಯಾಸೆಟ್ ಹುಡುಗರ ಹಲವು ವಾರಗಳ ಉಳಿತಾಯವನ್ನು ನುಂಗುತ್ತಿತ್ತು. ಯಾವುದನ್ನು ಕೊಳ್ಳಬೇಕು ಎಂದು ಹೇಳುವವರು ಬೇಕಾದರು.

ಆ ಕೆಲಸಕ್ಕೆ ಅಚ್ಚುಕಟ್ಟು ತಂದದ್ದು 1984ರ ಫೆಬ್ರುವರಿಯಲ್ಲಿ ಶುರುವಾದ ‘ಕ್ರ್ಯಾಷ್’ ಪತ್ರಿಕೆ. ಅದರ ಊರು ಲಂಡನ್ ಅಲ್ಲ, ಇಂಗ್ಲೆಂಡಿನ ಲಡ್ಲೊ ಎಂಬ ಚಿಕ್ಕ ಸಂತೆ ಊರು. ಆರಂಭದ ವಿಮರ್ಶಕರಲ್ಲಿ ಅನೇಕರು ಅಲ್ಲಿನ ಶಾಲೆಯ ಹುಡುಗರು. ಒಂದು ಆಟಕ್ಕೆ ಮೂವರ ಅಭಿಪ್ರಾಯ ಅಚ್ಚಾಗುತ್ತಿತ್ತು. ಗ್ರಾಫಿಕ್ಸ್, ಆಡುವ ಸುಖ, ಬಿಡಲಾರದ ಸೆಳೆತ, ಕೊಟ್ಟ ಹಣಕ್ಕೆ ಸಿಕ್ಕ ಬೆಲೆ ಹೀಗೆ ಬಿಡಿಬಿಡಿಯಾಗಿ ಶೇಕಡಾ ಅಂಕ, ಕೊನೆಗೆ ಒಟ್ಟಾರೆ ಅಂಕ. ಅತ್ಯುತ್ತಮ ಆಟಗಳಿಗೆ ‘ಸ್ಮ್ಯಾಷ್’ ಮುದ್ರೆ. ಮರುವರ್ಷ ಅದೇ ಪ್ರಕಾಶಕರು ಕಮೊಡೋರ್ 64 ಯಂತ್ರಕ್ಕೆಂದು ತಂದ ‘ಜ್ಯಾಪ್!64’ ವಿಮರ್ಶಕರ ಮುಖಗಳನ್ನೇ ಚಿತ್ರಿಸಿ, ಮೆಚ್ಚುಗೆ ಬೇಸರಗಳನ್ನು ಮುಖಭಾವದಲ್ಲೇ ತೋರಿಸಿತು. ಜಪಾನಿನ ‘ಫಾಮಿತ್ಸು’ ಪತ್ರಿಕೆ 1986ರಿಂದ ನಾಲ್ವರು ಬೇರೆಬೇರೆಯಾಗಿ ಹತ್ತಕ್ಕೆ ಅಂಕ ಕೊಡುವ ಪದ್ಧತಿ ಹಿಡಿಯಿತು.

ಈ ಅಂಕಗಳ ಕೊರತೆಯೂ ಬೇಗ ಕಂಡಿತು. 87ಕ್ಕೂ 89ಕ್ಕೂ ಏನು ಅಂತರ ಎಂದರೆ ಯಾರಲ್ಲೂ ಉತ್ತರವಿಲ್ಲ. ಪತ್ರಿಕೆಗಳಿಗೆ ಜಾಹೀರಾತು ಕೊಡುತ್ತಿದ್ದವರೂ ಆಟ ಮಾರುವ ಕಂಪನಿಗಳೇ. ಆದರೂ ಗೆಳೆಯನಿಗೆ ಹೇಳುವ ಹಾಗೆ, ‘ಇದಕ್ಕೆ ದುಡ್ಡು ಹಾಕಬೇಡ’ ಎನ್ನುವ ಎದೆಗಾರಿಕೆ ಆ ಪುಟಗಳಲ್ಲಿತ್ತು. ದಶಕದ ಕೊನೆಗೆ ಪತ್ರಿಕೆಗಳು ಮಾದರಿ ಆಟಗಳ ಕ್ಯಾಸೆಟ್ ಅಂಟಿಸಿಕೊಂಡೇ ಬರತೊಡಗಿದವು. ಕೊಳ್ಳುವ ಮುನ್ನ ಆಡಿ ನೋಡುವುದು ಸಾಧ್ಯವಾದಾಗ ವಿಮರ್ಶಕರ ಹಿಡಿತ ಸಡಿಲವಾಯಿತು.

ಟಿವಿ ಮೊದಲು, ಕಂಪ್ಯೂಟರ್ ಬಹಳ ಆಮೇಲೆ

ಮನೆ ಕಂಪ್ಯೂಟರಿಗೆ ಬೇಕಾದ ಅರ್ಧ ಸಾಮಗ್ರಿ ರಾಯಚೂರು ಜಿಲ್ಲೆಗೆ ಬೇಗನೆ ಬಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಆದರೆ ಟಿವಿ ಇದ್ದದ್ದು ಊರಮಂದಿ ಸೇರುವ ಕಡೆ, ಅದರಲ್ಲಿ ಬರುತ್ತಿದ್ದದ್ದು ಒಕ್ಕಲುತನ, ಆರೋಗ್ಯ, ಶಾಲಾ ಪಾಠ.

ಕಂಪ್ಯೂಟರ್ ಮಾತ್ರ ದೂರವೇ ಉಳಿಯಿತು. ಆಮದು ಸುಂಕದ ಭಾರವನ್ನು 1984ರ ಕಂಪ್ಯೂಟರ್ ನೀತಿ ತುಸು ಇಳಿಸಿತು. ಅದೇ ಹೊತ್ತಿಗೆ ‘ಕ್ಲಾಸ್’ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಪುಣೆಯ ಡೆಸಿಬೆಲ್ಸ್ ಕಂಪನಿ ಸ್ಪೆಕ್ಟ್ರಮ್ಮನ್ನು ದೇಶದಲ್ಲೇ ಜೋಡಿಸಿ ಮಾರಿತು. ಇವೆಲ್ಲ ನಗರದ ಅನುಕೂಲಸ್ಥರ ಮಟ್ಟಕ್ಕೆ ನಿಂತವು.

ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು, ಹಟ್ಟಿ ಚಿನ್ನದ ಗಣಿಯನ್ನು ಮಗ್ಗುಲಲ್ಲಿಟ್ಟುಕೊಂಡ ಲಿಂಗಸುಗೂರು, ಇವೆರಡರ ನಡುವಿನ ಮಸ್ಕಿ. ಇಂಥ ಊರುಗಳಿಗೆ ಆಟ ಬಂದದ್ದು 1990ರ ದಶಕದಲ್ಲಿ, ಟಿವಿಗೆ ಸಿಕ್ಕಿಸುವ ‘ವಿಡಿಯೋ ಗೇಮ್’ ಪೆಟ್ಟಿಗೆಯಾಗಿ. ಹೆಚ್ಚಿನವು ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲು. ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ಒಂದೇ ಕಾರ್ಟ್ರಿಜ್ಜಿನಲ್ಲಿ ಸಾವಿರಾರು ಆಟ ಎಂದು ಬರೆದಿರುತ್ತಿತ್ತು, ಒಳಗೆ ಅವೇ ಕೆಲವು ಮತ್ತೆಮತ್ತೆ ಬರುತ್ತಿದ್ದವು. ಮನೆಗೆ ಕೊಳ್ಳಲಾಗದ ಹುಡುಗರು ಅಂಗಡಿಯಲ್ಲಿ ತಾಸಿಗಿಷ್ಟು ಎಂದು ಕೊಟ್ಟು ಆಡಿದರು.

ಇಲ್ಲಿ ವಿಮರ್ಶೆಯ ಅಳತೆಗೋಲೇ ಬೇರೆಯಾಯಿತು. ಆಟ ಸೇರಲಿಲ್ಲವೆಂದರೆ ಬದಲಿಸಿದರಾಯಿತು, ನಷ್ಟ ಎರಡು ನಿಮಿಷದ್ದು. ಉಳಿದ ಪ್ರಶ್ನೆಗಳು: ಒಂದು ಲೈಫಿಗೆ ಎಷ್ಟು ಹೊತ್ತು ಆಡಬಹುದು? ಇಬ್ಬರೂ ಕೂಡಿ ಆಡಬಹುದೇ? ಇಂಗ್ಲಿಷ್ ಓದದೆ ತಿಳಿಯುತ್ತದೆಯೇ? ಈ ಪರೀಕ್ಷೆಯಲ್ಲಿ ಪಾಸಾದ ‘ಕಾಂಟ್ರಾ’ದಂಥ ಆಟಗಳು ಗೆದ್ದವು, ಕಥೆಯನ್ನು ಅಕ್ಷರದಲ್ಲಿ ಹೇಳುವ ಆಟಗಳು ಬಿದ್ದವು. ಯಾವ ಪತ್ರಿಕೆಯೂ ಈ ತೀರ್ಪು ಬರೆಯಲಿಲ್ಲ, ಆದರೆ ಲಡ್ಲೊ ಹುಡುಗರ ಶೇಕಡಾ ಅಂಕಗಳಿಗಿಂತ ಇದು ಕಡಿಮೆ ಖಚಿತವಾಗಿರಲಿಲ್ಲ.

ಕನ್ನಡದ ಪುಟಗಳಲ್ಲಿ

ನಂತರ ಪಿಸಿ ಬಂತು. ಕಂಪ್ಯೂಟರ್ ಸೆಂಟರ್‌ಗಳಲ್ಲಿ ಪಾಠದ ಮರೆಯಲ್ಲಿ ‘ಡೇಂಜರಸ್ ಡೇವ್’, ‘ಪ್ರಿನ್ಸ್ ಆಫ್ ಪರ್ಷಿಯಾ’ ಓಡಿದವು. ‘ಚಿಪ್’, 2001ರಿಂದ ‘ಡಿಜಿಟ್’ ಪತ್ರಿಕೆಗಳು ಸಿಡಿ ಜೊತೆಗೆ ಆಟದ ವಿಮರ್ಶೆಗಳನ್ನೂ ಹೊತ್ತು ತಂದವು, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಈ ಶಿಸ್ತು ಬೆಳೆದದ್ದು ಯಂತ್ರಗಳ ಸುತ್ತ. ತಂತ್ರಜ್ಞಾನ ಬರಹಗಾರ ಯು.ಬಿ. ಪವನಜ ‘ಪ್ರಜಾವಾಣಿ’ಯ ‘ಗ್ಯಾಜೆಟ್ ಲೋಕ’ ಅಂಕಣದಲ್ಲಿ ಫೋನು, ಕ್ಯಾಮೆರಾ, ಇಯರ್‌ಫೋನ್‌ಗಳನ್ನು ಬಳಸಿ ನೋಡಿ, ಕೊಟ್ಟ ಹಣಕ್ಕೆ ಸಾರ್ಥಕವೇ ಎಂದು ತೂಗಿದರು. ಆಟಗಳಿಗೆ ಅಂಥ ಕಾಯಂ ಪುಟ ದಕ್ಕಲಿಲ್ಲ.

ಈಗ ಆಟ ಫೋನಿನಲ್ಲಿದೆ, ಬಹುಪಾಲು ಪುಕ್ಕಟೆ. ಆಟ ಶುರುವಾದ ಮೇಲೆ ದುಡ್ಡು ಕೇಳುತ್ತದೆ, ಕೇಳದಿದ್ದರೆ ಹೊತ್ತು ತಿನ್ನುತ್ತದೆ. ಆ್ಯಪ್ ಸ್ಟೋರಿನ ಐದು ನಕ್ಷತ್ರಗಳ ಸರಾಸರಿ ಇದಾವುದನ್ನೂ ಹೇಳುವುದಿಲ್ಲ. ಕೊಳ್ಳುವವರಿಗಾಗಿ ಹುಟ್ಟಿದ ಶೇಕಡಾ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಈ ಆಟ ತಾಸಿಗೆ ಎಷ್ಟು ಕೊಡುತ್ತದೆ, ಎಷ್ಟು ಕಸಿಯುತ್ತದೆ ಎಂದು ಕೇಳುವ ಅಂಗಡಿ ಹುಡುಗರ ಲೆಕ್ಕವೇ ಬೇಕು. ಕನ್ನಡದಲ್ಲಿ ಆಟದ ವಿಮರ್ಶೆ ಬರೆಯಹೊರಡುವವರು ಮೊದಲು ಕಲಿಯಬೇಕಾದದ್ದು ಆ ಲೆಕ್ಕವನ್ನೇ.