ಊರಿನ ನೆನಪೂ ಒಂದು ಅಮಾನತ್ತು

ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತಾ ಬುಖಾರಾ ನಗರವನ್ನು ತಲುಪಿದಾಗ ಚೆಂಗಿಸ್ ಖಾನನ ದಾಳಿಯ ಗಾಯಗಳು ಅಲ್ಲಿ ಇನ್ನೂ ಮಾಸಿರಲಿಲ್ಲ. ಮಸೀದಿಗಳೂ ಮಾರುಕಟ್ಟೆಗಳೂ ಬಹುಪಾಲು ಪಾಳುಬಿದ್ದಿದ್ದವು. ಆದರೆ ಅಲ್ಲಿಯ ವಿದ್ವಾಂಸರ ಸಮಾಧಿಗಳ ಕಲ್ಲುಗಳ ಮೇಲೆ ಅವರ ಹೆಸರುಗಳೂ ಅವರು ರಚಿಸಿದ ಗ್ರಂಥಗಳ ಹೆಸರುಗಳೂ ಉಳಿದಿದ್ದವು. ಇಬ್ನ್ ಬತೂತಾ ಅವುಗಳಲ್ಲಿ ಹಲವನ್ನು ನಕಲು ಮಾಡಿಕೊಂಡರು. ಯಾವ ಸುಲ್ತಾನನೂ ಅವರಿಗೆ ಆ ಕೆಲಸವನ್ನು ವಹಿಸಿರಲಿಲ್ಲ; ಅಳಿಯುತ್ತಿರುವುದನ್ನು ಕಂಡ ಒಬ್ಬ ವಿದ್ಯಾವಂತ ಮುಸ್ಲಿಮನು ತನ್ನ ಕರ್ತವ್ಯವೆಂದು ಭಾವಿಸಿ ಮಾಡಿದ ಕೆಲಸವದು.

ಆ ಬರಹಗಳು ಮುಂದೆ ಏನಾದವು? ಅವು ಕಳೆದುಹೋದದ್ದು ನಮ್ಮ ಕರಾವಳಿಯ ಸಮುದ್ರದಲ್ಲಿಯೇ. ಕೊಲ್ಲಂನಿಂದ ಉತ್ತರಕ್ಕೆ ಹಡಗಿನಲ್ಲಿ ಬರುತ್ತಿದ್ದಾಗ, ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಣ ಒಂದು ಸಣ್ಣ ದ್ವೀಪದ ಬಳಿ ಕಡಲ್ಗಳ್ಳರು ಅವರನ್ನು ಮುತ್ತಿ ಉಟ್ಟ ಬಟ್ಟೆಯ ಹೊರತು ಉಳಿದುದೆಲ್ಲವನ್ನೂ ದೋಚಿದರು. ಬುಖಾರಾದ ಸಮಾಧಿ ಬರಹಗಳ ನಕಲುಗಳೂ ಆ ದರೋಡೆಯಲ್ಲಿ ಹೋದವೆಂದು ಅವರೇ ಹೇಳಿದ್ದಾರೆ. ಇದ್ದುದು ಒಂದೇ ಪ್ರತಿ. ಅದು ಹೋದ ಮೇಲೆ ಎಲ್ಲವೂ ಹೋಯಿತು.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ಇಬ್ನ್ ಬತೂತಾ 1340ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿದ್ದರು. ಅಲ್ಲಿಯ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಹರ್ಯಬ್ ಎಂಬ ದೊರೆಗೆ ಅಧೀನನಾಗಿದ್ದನೆಂದು ಅವರು ತಿಳಿಸುತ್ತಾರೆ. ಆ ದೊರೆ ವಿಜಯನಗರದ ಒಂದನೇ ಹರಿಹರನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಊರಿನ ಜನರು ಶಾಫಿಈ ಮದ್ಹಬಿನವರು, ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದವರು, ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದವು ಎಂಬ ಸಂಗತಿಗಳು ಅವರ ಪ್ರವಾಸಕಥನದಲ್ಲಿವೆ. ಟಿಪ್ಪಣಿಗಳನ್ನು ಕಳೆದುಕೊಂಡಿದ್ದ ಅವರು ತಾಯ್ನಾಡಿಗೆ ಮರಳಿದ ಮೇಲೆ ಇಬ್ನ್ ಜುಝಯ್ ಎಂಬ ವಿದ್ವಾಂಸರಿಗೆ ನೆನಪಿನಿಂದ ಹೇಳಿ ಬರೆಯಿಸಿದ ಆ ಕೃತಿ 1355ರಲ್ಲಿ ಮುಗಿಯಿತು.

ಸುಮಾರು 680 ವರ್ಷಗಳ ಹಿಂದೆ ಕನ್ನಡ ನಾಡಿನ ಒಂದು ಬಂದರಿನಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಇಂದು ನಾವು ಹೇಳುವುದು ಆ ಒಂದು ವಾಕ್ಯದ ಬಲದಿಂದ. ತಾವು ಭೇಟಿಯಾದ ಕೆಲವು ವಿದ್ವಾಂಸರನ್ನು ಇಬ್ನ್ ಬತೂತಾ ಹೆಸರಿಸಿದ್ದಾರೆ. ಆದರೆ ಕುರ್‌ಆನನ್ನು ಹೃದಯದಲ್ಲಿಟ್ಟುಕೊಂಡಿದ್ದ ಆ ಸ್ತ್ರೀಯರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ. ಹೊರಗಿನಿಂದ ಬಂದ ಅತಿಥಿಗೆ ಅಷ್ಟು ಮಾತ್ರ ಕಾಣಿಸೀತು. ಮನೆಯೊಳಗಿನ ಸಂಗತಿಯನ್ನು ಬರೆಯಬೇಕಾದವರು ಮನೆಯವರೇ.

ಹೀಗೆ ಬರೆದಿಡುವ ಪದ್ಧತಿ ನಮ್ಮ ಪರಂಪರೆಗೆ ಹೊಸದಲ್ಲ. ಹಿಜರಿ 463ರಲ್ಲಿ (ಕ್ರಿ.ಶ. 1071) ನಿಧನರಾದ ಖತೀಬ್ ಅಲ್ ಬಗ್ದಾದಿಯವರು ತಮ್ಮ ನಗರದ ಇತಿಹಾಸವನ್ನು ಬರೆದರು. ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ವ್ಯಕ್ತಿಗಳ ಪರಿಚಯವಿದೆ. 1258ರಲ್ಲಿ ಮಂಗೋಲರು ಬಗ್ದಾದನ್ನು ಧ್ವಂಸಗೊಳಿಸಿದರು, ಗ್ರಂಥಾಲಯಗಳು ನಾಶವಾದವು. ಆದರೂ ಆ ನಗರದಲ್ಲಿ ಯಾರು ಬಾಳಿದರು, ಯಾರು ಯಾರಿಂದ ಕಲಿತರು ಎಂಬುದು ಇಂದಿಗೂ ಉಳಿದಿದೆ. ಮದೀನಾದಲ್ಲಿ ನೆಲೆಸಿದ್ದ ಇಮಾಮ್ ಸಮ್ಹೂದಿಯವರ ಕಥೆಯೂ ಇಂತಹುದೇ. ಹಿಜರಿ 886ರಲ್ಲಿ (ಕ್ರಿ.ಶ. 1481) ಮಸ್ಜಿದುನ್ನಬವಿಯು ಬೆಂಕಿಗೆ ಆಹುತಿಯಾದಾಗ ಅವರ ಪುಸ್ತಕಗಳೂ ಸುಟ್ಟುಹೋದವು. ಆದರೂ ಪ್ರವಾದಿವರ್ಯರ(ಸ) ನಗರದ ಮಸೀದಿ, ಮನೆ, ಬಾವಿ, ಬೀದಿಗಳ ವಿವರಗಳನ್ನು ಸಂಗ್ರಹಿಸಿ ಅವರು ರಚಿಸಿದ 'ವಫಾಉಲ್ ವಫಾ' ಎಂಬ ಕೃತಿ ಉಳಿದಿದೆ. ಮದೀನಾದ ಹಳೆಯ ಸ್ವರೂಪವನ್ನು ತಿಳಿಯಬಯಸುವವರು ಇಂದಿಗೂ ಆ ಕೃತಿಯನ್ನೇ ಆಶ್ರಯಿಸುತ್ತಾರೆ.

ನಮ್ಮ ಕಾಲದಲ್ಲಿ, ನಮ್ಮದೇ ರಾಜ್ಯದಲ್ಲಿ ಈ ಬಗೆಯ ಸ್ವಯಂಸೇವೆಗೆ ಒಂದು ಉತ್ತಮ ನಿದರ್ಶನವಿದೆ. ಬೆಂಗಳೂರು ಸುತ್ತಲಿನ ಹಳ್ಳಿಗಳನ್ನು ನುಂಗುತ್ತ ಬೆಳೆದಂತೆ ಅಲ್ಲಿನ ಹಳೆಯ ಶಾಸನಗಳು ರಸ್ತೆ ಕಾಮಗಾರಿಯಲ್ಲಿ, ಕಟ್ಟಡಗಳ ಅಡಿಪಾಯದಲ್ಲಿ ಮರೆಯಾಗತೊಡಗಿದವು. ಉದ್ಯೋಗದಲ್ಲಿದ್ದುಕೊಂಡೇ ಬಿಡುವಿನ ವೇಳೆಯಲ್ಲಿ ಕೆಲವು ನಾಗರಿಕರು ಅವುಗಳನ್ನು ಹುಡುಕಲು ಹೊರಟರು. ಬಿ.ಎಲ್. ರೈಸರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ದಾಖಲಿಸಿದ್ದ ಊರುಗಳನ್ನು ಹಿಡಿದು ಬೀದಿ ಬೀದಿ ಅಲೆದರು. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕನ್ನಡ ವೀರಗಲ್ಲೊಂದು ಬೆಳಕಿಗೆ ಬಂದು, ಸಾರ್ವಜನಿಕರ ನೆರವಿನಿಂದ ಅದಕ್ಕೊಂದು ಮಂಟಪವೂ ಆಯಿತು. ಮುಂದೆ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳನ್ನು ಡಿಜಿಟಲ್ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯ ನಡೆಯಿತು. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯುತ್ತದೆ.

ನಮ್ಮ ಊರುಗಳೂ ಬದಲಾಗುತ್ತಿವೆ. ಕರಾವಳಿಯಲ್ಲಿ ಮಣ್ಣಿನ ಗೋಡೆಯ, ಹಂಚಿನ ಮಾಡಿನ ಮನೆಗಳು ಹೋಗಿ ಗಲ್ಫ್ ದುಡಿಮೆಯ ತಾರಸಿ ಮನೆಗಳು ಬಂದಿವೆ. ಹೆದ್ದಾರಿ ಅಗಲವಾದಾಗ ಹಳೆಯ ಅಂಗಡಿ ಸಾಲುಗಳು ಇಲ್ಲವಾದವು. ಮಸೀದಿಗಳು ವಿಸ್ತಾರಗೊಂಡಾಗ ಹಳೆಯ ಮರದ ಕಂಬಗಳೂ ಬರಹದ ಕಲ್ಲುಗಳೂ ಎಲ್ಲಿ ಹೋದವೆಂದು ಕೇಳುವವರಿಲ್ಲ. ಭಟ್ಕಳದ ನವಾಯತಿಯಲ್ಲಿ, ಮಂಗಳೂರು ಕಡೆಯ ಬ್ಯಾರಿ ಭಾಷೆಯಲ್ಲಿ ಅಜ್ಜಿಯಂದಿರು ಬಳಸುವ ಎಷ್ಟೋ ಪದಗಳು ಮೊಮ್ಮಕ್ಕಳಿಗೆ ಅರ್ಥವಾಗುತ್ತಿಲ್ಲ. ಬದಲಾವಣೆಯನ್ನು ದೂಷಿಸಿ ಪ್ರಯೋಜನವಿಲ್ಲ; ಸೋರುವ ಮಾಡನ್ನು ಯಾರೂ ಇತಿಹಾಸಕ್ಕಾಗಿ ಇಟ್ಟುಕೊಳ್ಳಬೇಕಿಲ್ಲ. ಆದರೆ ಕೆಡವುವ ಮುನ್ನ ಒಂದು ಚಿತ್ರ ತೆಗೆಯಲು, ನಾಲ್ಕು ಸಾಲು ಬರೆಯಲು ಹೆಚ್ಚು ಸಮಯ ಬೇಕಾಗದು. ನಾವು ಈ ನೆಲಕ್ಕೆ ಯಾವಾಗ ಬಂದೆವು, ಇಲ್ಲಿ ಏನು ಮಾಡಿದೆವು ಎಂದು ನಮ್ಮ ಮಕ್ಕಳನ್ನು ಯಾರಾದರೂ ಪ್ರಶ್ನಿಸುವ ದಿನ, ಅವರಿಗೆ ಕೋಪವಲ್ಲ, ಉತ್ತರ ಬೇಕಾಗುತ್ತದೆ.

ಸಮಾಧಿಯ ಕಲ್ಲುಗಳನ್ನು ಗಮನಿಸುವುದು ಧರ್ಮಕ್ಕೆ ಸಮ್ಮತವೇ ಎಂಬ ಸಂದೇಹ ಕೆಲವರಿಗೆ ಬರಬಹುದು. ಸಮಾಧಿಯನ್ನು ಸಿಂಗರಿಸುವುದು ಬೇರೆ, ಗುರುತಿಸುವುದು ಬೇರೆ. ಉಸ್ಮಾನ್ ಬಿನ್ ಮಝ್‌ಊನ್(ರ) ಅವರನ್ನು ದಫನ ಮಾಡಿದಾಗ ಪ್ರವಾದಿವರ್ಯರು(ಸ) ಸ್ವತಃ ಒಂದು ಕಲ್ಲನ್ನು ಎತ್ತಿ ತಂದು ಅವರ ತಲೆಯ ಬಳಿ ಇಟ್ಟರೆಂದೂ, ತಮ್ಮ ಸಹೋದರನ ಸಮಾಧಿಯನ್ನು ಗುರುತಿಸಲು ಹಾಗೆ ಮಾಡಿದುದಾಗಿ ತಿಳಿಸಿದರೆಂದೂ ಅಬೂ ದಾವೂದರ ಸಂಗ್ರಹದಲ್ಲಿದೆ. ಗುರುತು ಉಳಿಯಲಿ ಎಂಬುದಷ್ಟೇ ಇಲ್ಲಿಯೂ ಉದ್ದೇಶ.

ಆದರೆ ಈ ಸೇವೆಗೆ ಒಂದು ಶಿಸ್ತು ಬೇಕು. ಸುದ್ದಿಯನ್ನು ಪರಿಶೀಲಿಸಿ ಸ್ವೀಕರಿಸಬೇಕೆಂದು ಸೂರಃ ಅಲ್ ಹುಜುರಾತ್ ಆದೇಶಿಸುತ್ತದೆ. ಆದ್ದರಿಂದ ಹಿರಿಯರೊಬ್ಬರು ಹೇಳಿದುದನ್ನು ಬರೆಯುವಾಗ ಹೇಳಿದವರು ಯಾರು, ಅವರು ಕಣ್ಣಾರೆ ಕಂಡದ್ದೋ ಇನ್ನೊಬ್ಬರಿಂದ ಕೇಳಿದ್ದೋ, ಬರೆದ ದಿನ ಯಾವುದು ಎಂಬುದನ್ನೂ ಬರೆಯಬೇಕು. ಇದು ಹದೀಸ್ ವಿದ್ವಾಂಸರು ನಮಗೆ ಕಲಿಸಿದ ಸನದಿನ ಪಾಠ. ನಮ್ಮ ಊರಿನ ಹಿರಿಮೆಯನ್ನು ಹೆಚ್ಚಿಸಲೆಂದು ನೂರು ವರ್ಷದ ಮಸೀದಿಯನ್ನು ಐನೂರು ವರ್ಷದ್ದೆಂದು ಹೇಳುವುದು ಸೇವೆಯಲ್ಲ, ಸುಳ್ಳು. ಒಂದು ಸುಳ್ಳು ಬಯಲಾದರೆ ನಮ್ಮ ಹತ್ತು ಸತ್ಯಗಳೂ ಸಂಶಯಕ್ಕೆ ಒಳಗಾಗುತ್ತವೆ. ಹಾಗೆಯೇ ಕುಟುಂಬಗಳ ಹಳೆಯ ಜಗಳ, ದೋಷಗಳನ್ನು ಬಯಲಿಗಿಡುವುದು ಇತಿಹಾಸವಲ್ಲ, ಗೀಬತ್. ಮನೆಯವರ ಅನುಮತಿಯಿಲ್ಲದೆ ಯಾರ ಮಾತನ್ನೂ ಚಿತ್ರವನ್ನೂ ಹಂಚಬಾರದು.

ಆರಂಭಿಸಲು ದೊಡ್ಡ ಸಂಸ್ಥೆ ಬೇಕಿಲ್ಲ. ಜಮಾಅತಿನ ಹಳೆಯ ನಿಕಾಹ್ ದಫ್ತರಗಳು ಗೆದ್ದಲಿಗೆ ಸಿಕ್ಕುವ ಮುನ್ನ ಹಿರಿಯರ ಒಪ್ಪಿಗೆ ಪಡೆದು ಪುಟ ಪುಟದ ಚಿತ್ರ ತೆಗೆದಿಡಬಹುದು. ಬಾವಿ, ಗದ್ದೆ, ಓಣಿಗಳ ಹಳೆಯ ಹೆಸರುಗಳನ್ನು ಮದ್ರಸದ ದೊಡ್ಡ ಮಕ್ಕಳು ಒಂದು ನಕ್ಷೆಯಲ್ಲಿ ಗುರುತಿಸಬಹುದು. ಅಜ್ಜಿಯಂದಿರ ಮಾತುಗಳನ್ನು ಮನೆಯ ಹೆಣ್ಣುಮಕ್ಕಳೇ ಮೊಬೈಲಿನಲ್ಲಿ ಧ್ವನಿಮುದ್ರಿಸಬಹುದು. ಯಾರಿಂದ ಓದು ಕಲಿತಿರಿ ಎಂಬ ಪ್ರಶ್ನೆಯನ್ನು ಮೊದಲು ಕೇಳಲಿ. ಸೂರಃ ಅಲ್ ಬಕರಃ ಸಾಲದ ವ್ಯವಹಾರವನ್ನು ಕುರಿತು, ಅದು ಸಣ್ಣದಿರಲಿ ದೊಡ್ಡದಿರಲಿ ಬರೆದಿಡಲು ಬೇಸರಿಸಬಾರದೆಂದು ಕಲಿಸುತ್ತದೆ. ಹಿಂದಿನವರಿಂದ ಪಡೆದ ನೆನಪು ಮುಂದಿನವರಿಗೆ ನಾವು ಸಲ್ಲಿಸಬೇಕಾದ ಸಾಲವೇ ಅಲ್ಲವೇ?

ಮತ್ತು ಬರೆದುದನ್ನು ಒಂದೇ ಪ್ರತಿಯಲ್ಲಿ ಇಡಬಾರದು. ಒಂದು ಮಸೀದಿಯಲ್ಲಿರಲಿ, ಒಂದು ಮನೆಯಲ್ಲಿರಲಿ, ಒಂದು ಊರಾಚೆಯ ಗ್ರಂಥಾಲಯದಲ್ಲಿರಲಿ. ಬುಖಾರಾದ ವಿದ್ವಾಂಸರ ಹೆಸರುಗಳನ್ನು ಹೊತ್ತು ತಂದ ಹಾಳೆಗಳು ಹೊನ್ನಾವರದ ದಕ್ಷಿಣದ ನೀರಿನಲ್ಲಿ ಹೇಗೆ ಕಳೆದುಹೋದವೆಂಬುದನ್ನು ಕರಾವಳಿಯ ನಾವಾದರೂ ಮರೆಯಬಾರದು. ಅಲ್ಲಾಹನು ನಮಗೆ ಸತ್ಯವನ್ನು ಅರಿಯುವ, ಅದನ್ನು ಪ್ರಾಮಾಣಿಕವಾಗಿ ತಲುಪಿಸುವ ತೌಫೀಕ್ ನೀಡಲಿ. ಆಮೀನ್.