ಬಾಯೆ: ನಿಂದೆಯಲ್ಲಿ ಉಳಿದ ಒಂದು ವಿಹಾರನಗರ

ರೋಮನ್ ತತ್ತ್ವಜ್ಞ ಸೆನೆಕಾ ತನ್ನ ಗೆಳೆಯ ಲೂಸಿಲಿಯಸ್‌ನಿಗೆ ಬರೆದ ಪತ್ರಗಳಲ್ಲಿ ಐವತ್ತೊಂದನೆಯದು ಒಂದು ಊರಿನ ಭೇಟಿಯನ್ನು ಕುರಿತದ್ದು. ಆ ಊರನ್ನು ತಲುಪಿದ ಮರುದಿನವೇ ತಾನು ಅಲ್ಲಿಂದ ಹೊರಟುಬಿಟ್ಟೆನೆಂದು ಆತ ಹೇಳುತ್ತಾನೆ. ಕುಡಿದು ದಡದ ಮೇಲೆ ಅಲೆಯುವವರು, ದೋಣಿಗಳಲ್ಲಿ ನಡೆಯುವ ಔತಣಗಳು, ಹಾಡಿನ ಗದ್ದಲ ತುಂಬಿದ ಸರೋವರಗಳು, ಇವು ಅಲ್ಲಿ ಆತನಿಗೆ ಕಂಡ ದೃಶ್ಯಗಳು. ವಿವೇಕಿಯಾದವನು ಇಂತಹ ಸ್ಥಳದಿಂದ ದೂರವಿರಬೇಕೆಂಬುದು ಪತ್ರದ ತಾತ್ಪರ್ಯ. ಆ ಊರೇ ಬಾಯೆ. ಪ್ರಾಚೀನ ರೋಮನ್ ಜಗತ್ತಿನಲ್ಲಿ ಇದಕ್ಕಿಂತ ವೈಭವದ ಕಡಲತೀರದ ವಿಹಾರನಗರ ಮತ್ತೊಂದಿರಲಿಲ್ಲ; ಇದಕ್ಕಿಂತ ಹೆಚ್ಚು ನಿಂದೆಗೆ ಗುರಿಯಾದುದೂ ಮತ್ತೊಂದಿರಲಿಲ್ಲ.

ಇಟಲಿಯ ನೇಪಲ್ಸ್ ಕೊಲ್ಲಿಯ ವಾಯವ್ಯಕ್ಕೆ, ಪೊಝ್ಝುವೋಲಿಯ ಎದುರಿನ ದಡದಲ್ಲಿ ಬಾಯೆ ಇದೆ. ಒಡಿಸ್ಯೂಸನ ಚುಕ್ಕಾಣಿಗನಾಗಿದ್ದ ಬಾಯೋಸ್ ಎಂಬಾತನ ಸಮಾಧಿಯಿಂದ ಈ ಹೆಸರು ಬಂದಿತೆಂದು ಐತಿಹ್ಯ. ಇದು ಜ್ವಾಲಾಮುಖಿಯ ನೆಲವಾದುದರಿಂದ ಇಲ್ಲಿ ಗಂಧಕಮಿಶ್ರಿತ ಬಿಸಿನೀರಿನ ಬುಗ್ಗೆಗಳು ಹೇರಳವಾಗಿದ್ದವು. ಚಿಕಿತ್ಸೆಗೆಂದು ಬರುತ್ತಿದ್ದವರ ಹಿಂದೆಯೇ ವಿಹಾರಕ್ಕೆಂದು ಬರುವವರೂ ಬಂದರು. ಮಾರಿಯಸ್, ಪಾಂಪೆ, ಜೂಲಿಯಸ್ ಸೀಸರ್ ಈ ಪರಿಸರದಲ್ಲಿ ಸೌಧಗಳನ್ನು ಕಟ್ಟಿಸಿದರು. ಮುಂದೆ ಚಕ್ರವರ್ತಿಗಳ ಅರಮನೆಗಳು ಎದ್ದವು. ಕ್ರಿ.ಶ. 39ರಲ್ಲಿ ಕಲಿಗುಲಾ ಇಲ್ಲಿಂದ ಕೊಲ್ಲಿಯುದ್ದಕ್ಕೂ ನೌಕೆಗಳನ್ನು ಜೋಡಿಸಿ ಸೇತುವೆ ಮಾಡಿಸಿ, ಅದರ ಮೇಲೆ ಕುದುರೆಯೇರಿ ಮೆರೆದನು. ಕ್ರಿ.ಶ. 138ರ ಜುಲೈ 10ರಂದು ಹೇಡ್ರಿಯನ್ ಕೊನೆಯುಸಿರೆಳೆದದ್ದೂ ಇಲ್ಲಿಯೇ.

ಲ್ಯಾಟಿನ್ ಸಾಹಿತ್ಯದಲ್ಲಿ ಬಾಯೆಯ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಕವಿ ಪ್ರಾಪರ್ಟಿಯಸ್ ತನ್ನ ಪ್ರೇಯಸಿ ಸಿಂಥಿಯಾಳಿಗೆ ಆ ಊರನ್ನು ಬೇಗನೆ ಬಿಟ್ಟು ಬರುವಂತೆ ಮೊರೆಯಿಡುತ್ತಾನೆ. ಮಾರ್ಷಲ್‌ನ ಒಂದು ಕಿರುಪದ್ಯದಲ್ಲಿ ಶೀಲವತಿಯಾಗಿ ಬಂದ ಗೃಹಿಣಿ ಅಲ್ಲಿ ಪತಿಯನ್ನು ತೊರೆಯುತ್ತಾಳೆ. ಅದೇ ಮಾರ್ಷಲ್ ಮತ್ತೊಂದೆಡೆ ಅದೇ ತೀರವನ್ನು ಮನಸಾರೆ ಹೊಗಳುತ್ತಾನೆ. ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಬರುವ ಜಲಕೇಳಿ, ಮಧುಪಾನಗಳನ್ನು ಆ ಕಾಲದ ದಿನಚರಿಯೆಂದು ಯಾವ ವಿದ್ಯಾರ್ಥಿಯೂ ಓದುವುದಿಲ್ಲ. ಬಾಯೆಯ ನಿಂದೆಯೂ ಅಂತೆಯೇ ಒಂದು ರೂಢಿಗತ ವರ್ಣನೆಯಾಗಿ ಬೆಳೆದಿತ್ತೆಂಬುದನ್ನು ಮೊದಲು ಗಮನಿಸಬೇಕು.

ಆದರೆ ಈ ರೂಢಿ ಕಾವ್ಯದಲ್ಲಿ ಮಾತ್ರ ಉಳಿಯಲಿಲ್ಲ, ನ್ಯಾಯಸಭೆಗೂ ಬಂದಿತು. ಕ್ರಿ.ಪೂ. 56ರಲ್ಲಿ ಮಾರ್ಕಸ್ ಕೇಲಿಯಸ್ ಎಂಬ ತರುಣನ ಪರವಾಗಿ ಸಿಸೆರೊ ವಾದಿಸಿದನು. ಕೇಲಿಯಸ್ ಬಾಯೆಯಲ್ಲಿ ವಿಲಾಸದಿಂದ ಮೆರೆದನೆಂಬುದು ಎದುರು ಪಕ್ಷದವರ ದೂಷಣೆಗಳಲ್ಲಿ ಒಂದು. ಸಿಸೆರೊ ಅದೇ ಊರಿನ ಹೆಸರನ್ನು ಹಿಂದಿರುಗಿಸಿ, ಸಾಕ್ಷಿಯಾಗಿದ್ದ ಕ್ಲೋಡಿಯಾಳ ಮೇಲೆ ಎಸೆದನು. ಆಕೆ ಪ್ರತಿಷ್ಠಿತ ಮನೆತನದ ವಿಧವೆ. ಅವಳ ಉದ್ಯಾನ, ಅವಳ ಔತಣ, ಅವಳ ಬಾಯೆ, ಇವುಗಳನ್ನು ಒಂದರ ಪಕ್ಕ ಒಂದನ್ನಿಟ್ಟು ಅವಳ ಸಾಕ್ಷ್ಯಕ್ಕೆ ಬೆಲೆಯಿಲ್ಲದಂತೆ ಮಾಡಿದನು. ಕೇಲಿಯಸ್ ಬಿಡುಗಡೆಯಾದನು. ಕ್ಲೋಡಿಯಾಳ ಮಾತು ಒಂದೂ ನಮಗೆ ಉಳಿದುಬಂದಿಲ್ಲ. ಎರಡು ಸಾವಿರ ವರ್ಷಗಳಿಂದ ಅವಳನ್ನು ಲೋಕ ಬಲ್ಲುದು ಮುಖ್ಯವಾಗಿ ಎದುರಾಳಿಯ ವಾಗ್ಮಿತೆಯ ಮೂಲಕ. ಅದೇ ಸಿಸೆರೊ ಬಾಯೆಯ ನೆರೆಯ ಕ್ಯೂಮೆ, ಪುಟಿಯೋಲಿಗಳಲ್ಲಿ ವಿಹಾರಸೌಧಗಳ ಒಡೆಯನಾಗಿದ್ದುದನ್ನು ಅವನ ಪತ್ರಗಳೇ ತಿಳಿಸುತ್ತವೆ.

ಈಗ ಸೆನೆಕಾನ ಪತ್ರಕ್ಕೆ ಮರಳೋಣ. ಅದು ಕ್ರಿ.ಶ. 60ರ ದಶಕದ ಪೂರ್ವಾರ್ಧದ ರಚನೆ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ಕ್ರಿ.ಶ. 59ರ ಮಾರ್ಚ್‌ನಲ್ಲಿ, ಚಕ್ರವರ್ತಿ ನೀರೊ ಹಬ್ಬದ ನೆಪದಿಂದ ತನ್ನ ತಾಯಿ ಅಗ್ರಿಪ್ಪೀನಾಳನ್ನು ಬಾಯೆಗೆ ಕರೆಸಿಕೊಂಡಿದ್ದನು. ಔತಣದ ಬಳಿಕ ಆಕೆಯನ್ನು ಹತ್ತಿಸಿದ ನೌಕೆ ಕುಸಿದು ಮುಳುಗುವಂತೆ ರಚಿಸಲ್ಪಟ್ಟಿತ್ತು. ಆಕೆ ಈಜಿ ಪಾರಾಗಿ ತನ್ನ ಮನೆಯನ್ನು ಸೇರಿದಳು. ನೀರೊ ಅಲ್ಲಿಗೇ ಶಸ್ತ್ರಧಾರಿಗಳನ್ನು ಕಳುಹಿಸಿ ಕೊಲ್ಲಿಸಿದನು. ಆಗ ಸೆನೆಕಾ ನೀರೊವಿನ ಆಪ್ತ ಸಲಹೆಗಾರ. ಕೊಲೆಯನ್ನು ಸಮರ್ಥಿಸಿ ಸೆನೆಟ್‌ಗೆ ಹೋದ ಓಲೆಯನ್ನು ಬರೆದವನು ಆತನೇ ಎಂದು ಜನ ದೂರಿದರೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಬಾಯೆಯ ಕುಡುಕರನ್ನೂ ಹಾಡುಗಾರರನ್ನೂ ಎಣಿಸಿ ಹೇಳುವ ಪತ್ರದಲ್ಲಿ ಈ ಮಾತೃಹತ್ಯೆಯ ಸುಳಿವೇ ಇಲ್ಲ.

ಈ ಮೌನಕ್ಕಾಗಿ ಸೆನೆಕಾನನ್ನು ಸುಲಭವಾಗಿ ಹಳಿಯುವಂತೆಯೂ ಇಲ್ಲ. ನೀರೊ ಇನ್ನೂ ಸಿಂಹಾಸನದ ಮೇಲಿದ್ದನು, ಕ್ರಿ.ಶ. 65ರಲ್ಲಿ ಅವನ ಆಜ್ಞೆಯಂತೆಯೇ ಸೆನೆಕಾ ಪ್ರಾಣತ್ಯಾಗ ಮಾಡಬೇಕಾಯಿತು. ಹೇಳಲಾಗದ ಪಾಪದ ಮುಂದೆ ನಿಂತವನು ಹೇಳಬಹುದಾದ ಪಾಪಗಳನ್ನು ಹೇಳಿದನೆಂದೂ ಭಾವಿಸಬಹುದು. ಆದರೆ ಓದುಗನಾದವನು ಇದನ್ನು ಮರೆಯಬಾರದು: ಭೋಗದ ನಿಂದೆ ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆಯೋ ಅಧಿಕಾರದ ಅಪರಾಧ ಅಷ್ಟೇ ಮೌನವಾಗಿ ಅದರ ಹಿಂದೆ ಅಡಗಿರಲು ಸಾಧ್ಯ.

ಗ್ರಂಥಗಳು ಹೇಳದ ಮತ್ತೊಂದು ಬಾಯೆಯನ್ನು ಕಲ್ಲುಗಳು ಹೇಳುತ್ತವೆ. ಈ ಪ್ರದೇಶದ ಜ್ವಾಲಾಮುಖಿಯ ಬೂದಿಮಣ್ಣನ್ನು ಸುಣ್ಣದೊಡನೆ ಕಲಸಿದರೆ ಅದು ನೀರಿನೊಳಗೂ ಗಟ್ಟಿಯಾಗುವುದೆಂದು ವಾಸ್ತುಗ್ರಂಥಕಾರ ವಿಟ್ರೂವಿಯಸ್ ವಿವರಿಸಿದ್ದಾನೆ. 'ಬುಧನ ದೇವಾಲಯ'ವೆಂದು ಇಂದು ತಪ್ಪಾಗಿ ಕರೆಯಲಾಗುತ್ತಿರುವ ಸ್ನಾನಗೃಹದ ಗುಮ್ಮಟ ಸುಮಾರು 21 ಮೀಟರ್ ವ್ಯಾಸದ್ದು. ರೋಮ್ ನಗರದ ಪ್ಯಾಂಥಿಯನ್‌ಗಿಂತ ಒಂದು ಶತಮಾನಕ್ಕೂ ಹೆಚ್ಚು ಹಳೆಯದು. 1954ರಲ್ಲಿ ಇಲ್ಲಿಯ ಅವಶೇಷಗಳಲ್ಲಿ ಗ್ರೀಕ್ ಕಂಚಿನ ಪ್ರತಿಮೆಗಳಿಂದ ತೆಗೆದ ಗಾರೆಯ ಅಚ್ಚುಗಳ ಚೂರುಗಳು ದೊರೆತವು. ಶಿಲ್ಪಿಗಳು ಇವನ್ನು ಮುಂದಿಟ್ಟುಕೊಂಡು ಅಮೃತಶಿಲೆಯಲ್ಲಿ ಪ್ರತಿಕೃತಿಗಳನ್ನು ಕಡೆಯುತ್ತಿದ್ದರು. ಕುಡುಕರ ಊರೆನಿಸಿಕೊಂಡ ಬಾಯೆಯಲ್ಲಿ ದುಡಿಯುವ ಕೈಗಳೂ ಇದ್ದವು. ಅವುಗಳನ್ನು ಕುರಿತು ಯಾವ ತತ್ತ್ವಜ್ಞನೂ ಪತ್ರ ಬರೆಯಲಿಲ್ಲ.

ಈ ನೆಲವೇ ನಿಧಾನವಾಗಿ ಏಳುತ್ತ ಇಳಿಯುತ್ತ ಇರುವಂಥದು. ಪೊಝ್ಝುವೋಲಿಯ ಪ್ರಾಚೀನ ಮಾರುಕಟ್ಟೆಯ ಮೂರು ಕಂಬಗಳಲ್ಲಿ ಕಡಲಿನ ಚಿಪ್ಪುಜೀವಿಗಳು ಕೊರೆದ ರಂಧ್ರಗಳಿವೆ. ನೆಲ ಒಮ್ಮೆ ಮುಳುಗಿ ಮತ್ತೆ ಮೇಲೆದ್ದುದಕ್ಕೆ ಅವು ಪ್ರಮಾಣ. ಭೂವಿಜ್ಞಾನಿ ಚಾರ್ಲ್ಸ್ ಲಯಲ್ 1830ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಮುಖಚಿತ್ರವಾಗಿ ಈ ಕಂಬಗಳನ್ನೇ ಆರಿಸಿಕೊಂಡನು. ಬಾಯೆಯ ಕೆಳಭಾಗ ಮಾತ್ರ ಮರಳಿ ಏಳಲಿಲ್ಲ. ಪುಂಟಾ ಎಪಿತಾಫಿಯೊ ಎಂಬಲ್ಲಿ, ಕಡಲ ತಳದಲ್ಲಿ, ಚಕ್ರವರ್ತಿ ಕ್ಲಾಡಿಯಸ್‌ನ ಕಾಲದ ಭೋಜನಮಂದಿರವೊಂದು 1980ರ ದಶಕದ ಆರಂಭದಲ್ಲಿ ಉತ್ಖನನಗೊಂಡಿತು. ಸೈಕ್ಲೋಪ್ಸ್ ದೈತ್ಯನಿಗೆ ಮದ್ಯದ ಬಟ್ಟಲು ನೀಡುತ್ತಿರುವ ಒಡಿಸ್ಯೂಸನ ಶಿಲ್ಪ ಅಲ್ಲಿಯದು. ಅದೀಗ ಬಾಯೆಯ ಕೋಟೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿದೆ. 2002ರಲ್ಲಿ ಈ ಜಲಪ್ರದೇಶವನ್ನು ಸಂರಕ್ಷಿತ ತಾಣವೆಂದು ಘೋಷಿಸಲಾಯಿತು. ಗಾಜಿನ ತಳದ ದೋಣಿಗಳಲ್ಲಿ ಕುಳಿತವರಿಗೂ ಮುಳುಗುಗಾರರಿಗೂ ಇಂದು ಆ ನೆಲಹಾಸುಗಳ ಚಿತ್ತಾರ ಕಾಣಸಿಗುತ್ತದೆ.

ಸೆನೆಕಾ ಒಂದೇ ದಿನದಲ್ಲಿ ಬಿಟ್ಟುಹೋದ ಊರನ್ನು ಸಾಹಿತ್ಯದ ವಿದ್ಯಾರ್ಥಿ ಅಷ್ಟು ಬೇಗ ಬಿಡಬಾರದು. ಒಂದು ಸ್ಥಳವನ್ನಾಗಲಿ ಒಬ್ಬ ಹೆಣ್ಣನ್ನಾಗಲಿ ನಿಂದಿಸುವ ಪಠ್ಯ ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅವಶ್ಯ: ನಿಂದಿಸುವವನು ಎಲ್ಲಿ ನಿಂತಿದ್ದಾನೆ? ನಿಂದೆಗೊಳಗಾದವರ ಮಾತು ಉಳಿದಿದೆಯೇ? ಈ ನಿಂದೆಯ ಮರೆಯಲ್ಲಿ ಹೇಳದೆ ಬಿಟ್ಟದ್ದು ಯಾವುದು? ಬಾಯೆಯ ಮಟ್ಟಿಗೆ ಮೊದಲಿನ ಎರಡಕ್ಕೆ ಗ್ರಂಥಗಳಲ್ಲಿಯೇ ಉತ್ತರವಿದೆ. ಮೂರನೆಯದಕ್ಕೆ ಒಬ್ಬ ತಾಯಿಯ ಕೊಲೆಯ ಕಥೆಯನ್ನೂ ನೀರಿನಡಿಯ ಕಲ್ಲುಗಳನ್ನೂ ಕೂಡಿಸಿ ಓದಬೇಕಾಗುತ್ತದೆ.