ವೈ-ಫೈ ಪದೇ ಪದೇ ಕಡಿತವೇ? ಮೊದಲು ದೋಷದ ಮೂಲ ಪತ್ತೆ ಮಾಡಿ

ದೊಡ್ಡಬೆಳವಂಗಲ: ದೊಡ್ಡಬಳ್ಳಾಪುರ ತಾಲೂಕಿನ ಈ ಹೋಬಳಿ ಕೇಂದ್ರವಾಗಲಿ, ಬೆಂಗಳೂರಿನ ಬಡಾವಣೆಯಾಗಲಿ, ಆನ್‌ಲೈನ್ ಅರ್ಜಿ ಸಲ್ಲಿಸುವ ಕೊನೆಯ ಗಳಿಗೆಯಲ್ಲಿ ಲ್ಯಾಪ್‌ಟಾಪ್‌ನ ವೈ-ಫೈ ಕೈಕೊಟ್ಟರೆ ಭರ್ತಿ ಮಾಡಿದ ವಿವರಗಳೆಲ್ಲ ವ್ಯರ್ಥವಾಗಬಹುದು. ದುರಸ್ತಿಗೆ ಹಣ ತೆರುವ ಮುನ್ನ ದೋಷ ಎಲ್ಲಿದೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಮೊದಲ ಪರೀಕ್ಷೆ: ಮೊಬೈಲ್ ಡೇಟಾ ಆಫ್ ಮಾಡಿ, ಫೋನನ್ನು ಅದೇ ವೈ-ಫೈಗೆ ಜೋಡಿಸಿ. ಲ್ಯಾಪ್‌ಟಾಪ್‌ನೊಂದಿಗೆ ಫೋನ್‌ನಲ್ಲೂ ಅಂತರ್ಜಾಲ ನಿಂತರೆ ತೊಂದರೆ ರೂಟರ್ ಅಥವಾ ಬ್ರಾಡ್‌ಬ್ಯಾಂಡ್ ಸಂಪರ್ಕದ್ದು. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಿಂತರೆ ದೋಷ ಅದರದೇ ಇರುವ ಸಾಧ್ಯತೆ ಹೆಚ್ಚು.

ವಿದ್ಯುತ್ ಉಳಿತಾಯ: ಬ್ಯಾಟರಿ ಉಳಿಸಲು ವಿಂಡೋಸ್ ವೈ-ಫೈ ಅಡಾಪ್ಟರನ್ನು ಸ್ಥಗಿತಗೊಳಿಸುವುದುಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಅಡಾಪ್ಟರನ್ನು ತೆರೆದು, ಪವರ್ ಮ್ಯಾನೇಜ್‌ಮೆಂಟ್ ವಿಭಾಗವಿದ್ದರೆ ಅಲ್ಲಿ ಈ ಅನುಮತಿಯ ಗುರುತನ್ನು ತೆಗೆಯಿರಿ.

ಡ್ರೈವರ್: ಲ್ಯಾಪ್‌ಟಾಪ್ ತಯಾರಕರ ಅಧಿಕೃತ ಜಾಲತಾಣದಿಂದಲೇ ಹೊಸ ಡ್ರೈವರ್ ಪಡೆಯಿರಿ. ಅಪ್‌ಡೇಟ್ ಬಳಿಕವೇ ತೊಂದರೆ ಆರಂಭವಾಗಿದ್ದಲ್ಲಿ ಹಳೆಯ ಡ್ರೈವರ್‌ಗೆ ಮರಳಿ.

ತರಂಗ: ಭಾರತದಲ್ಲಿ 2005ರಲ್ಲಿ ಪರವಾನಗಿಮುಕ್ತವಾದ 2.4 ಗಿಗಾಹರ್ಟ್ಸ್ ತರಂಗ ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಆದರೆ ಬ್ಲೂಟೂತ್, ಮೈಕ್ರೋವೇವ್ ಒಲೆ ಹಾಗೂ ನೆರೆಮನೆಯ ರೂಟರ್‌ಗಳೂ ಅದನ್ನೇ ಬಳಸುತ್ತವೆ. ಪರಸ್ಪರ ಅಡ್ಡಬಾರದ 1, 6, 11ನೇ ಚಾನೆಲ್‌ಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಿ. ರೂಟರ್ ಇರುವ ಕೋಣೆಯಲ್ಲೇ ಕೆಲಸವಾದರೆ 5 ಗಿಗಾಹರ್ಟ್ಸ್ ಉತ್ತಮ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆದರೂ ರೂಟರ್ ನಿಲ್ಲುತ್ತದೆ ಎಂಬುದನ್ನು ಮರೆಯದಿರಿ. ಇದಕ್ಕೆ ರೂಟರ್‌ಗೊಂದು ಸಣ್ಣ ಯುಪಿಎಸ್ ಅಳವಡಿಸುವುದೇ ಪರಿಹಾರ.